ಪಾಸ್‌ಪೋರ್ಟ್ ಈಗ ಯಾರ ಮೇಜಿನ ಮೇಲಿದೆ?

ವೀಸಾಕ್ಕೆಂದು ಕೊಟ್ಟ ಪಾಸ್‌ಪೋರ್ಟ್ ಹೇಳಿದ ಹೊತ್ತಿಗೆ ಕೈಸೇರದಿದ್ದರೆ ಯಾರನ್ನು ಕೇಳಬೇಕು, ಎಷ್ಟು ದಿನ ಕಾಯಬೇಕು, ಯಾವಾಗ ವಾಪಸ್ ಪಡೆಯಬೇಕು? ಪ್ರಯಾಣಕ್ಕೆ ಹೊರಟವರಿಗೊಂದು ಕೈಪಿಡಿ.

ಬೇಸಿಗೆ ರಜೆಗೆ ಯುರೋಪ್ ಪ್ರವಾಸ, ಆಗಸ್ಟಿನಲ್ಲಿ ಮಗನ ಎಂಎಸ್ ತರಗತಿ, ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆ ಅಮೆರಿಕ. ಕರ್ನಾಟಕದ ಮಧ್ಯಮವರ್ಗದ ಮನೆಗಳಲ್ಲಿ ವರ್ಷದ ಕ್ಯಾಲೆಂಡರ್ ಈಗ ಹೀಗೂ ತುಂಬುತ್ತದೆ. ಟಿಕೆಟ್ ಬುಕ್ ಆಗಿರುತ್ತದೆ, ಆಫೀಸಿನಲ್ಲಿ ರಜೆ ಮಂಜೂರಾಗಿರುತ್ತದೆ, ಪಾಸ್‌ಪೋರ್ಟ್ ಮಾತ್ರ ಬಂದಿರುವುದಿಲ್ಲ. ಟ್ರ್ಯಾಕಿಂಗ್ ಪುಟ ತೆರೆದರೆ ‘ಅಂಡರ್ ಪ್ರೊಸೆಸ್’ ಎಂಬ ಸಾಲು ವಾರಗಟ್ಟಲೆ ಅಲುಗದೆ ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಸಿಕ್ಕ ಸಿಕ್ಕ ನಂಬರಿಗೆಲ್ಲ ಫೋನ್ ಮಾಡುತ್ತಾರೆ. ಅದರಿಂದ ಹೊತ್ತು ಹಾಳು. ಪಾಸ್‌ಪೋರ್ಟ್ ತಡವಾಗುವುದು ನಾಲ್ಕು ಬೇರೆ ಬೇರೆ ಕಡೆ, ನಾಲ್ಕು ಬೇರೆ ಬೇರೆ ಕಾರಣಗಳಿಗೆ. ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿಕೊಂಡರೆ ಯಾರನ್ನು ಕೇಳಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಪಾಸ್‌ಪೋರ್ಟ್ ಸಾಗುವ ದಾರಿ

ಮೊದಲ ಹಂತ ಅರ್ಜಿ ಕೇಂದ್ರ. ಬಹುತೇಕ ದೇಶಗಳು ಅರ್ಜಿ ಪಡೆಯುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ವಹಿಸಿವೆ. 2001ರಲ್ಲಿ ಮುಂಬೈಯಲ್ಲಿ ಶುರುವಾದ ವಿಎಫ್‌ಎಸ್ ಗ್ಲೋಬಲ್ ಇವುಗಳಲ್ಲಿ ದೊಡ್ಡದು. ಸ್ಪೇನ್ ದೇಶದ ಅರ್ಜಿಗಳನ್ನು ಬಿಎಲ್‌ಎಸ್ ಇಂಟರ್‌ನ್ಯಾಷನಲ್ ಪಡೆಯುತ್ತದೆ. ಕಾಗದ ಪತ್ರ ತೆಗೆದುಕೊಳ್ಳುವುದು, ಬೆರಳಚ್ಚು ಮತ್ತು ಫೋಟೊ ದಾಖಲಿಸುವುದು, ಶುಲ್ಕ ಕಟ್ಟಿಸಿಕೊಳ್ಳುವುದು, ಕೊನೆಗೆ ಪಾಸ್‌ಪೋರ್ಟ್ ಹಿಂದಿರುಗಿಸುವುದು ಇವರ ಕೆಲಸ. ವೀಸಾ ಕೊಡುವ, ಬಿಡುವ ತೀರ್ಮಾನದಲ್ಲಿ ಇವರಿಗೆ ಪಾತ್ರವಿಲ್ಲ. ‘ನನ್ನ ವೀಸಾ ಯಾಕೆ ಆಗಲಿಲ್ಲ’ ಎಂದು ಕೌಂಟರಿನಲ್ಲಿ ಜಗಳವಾಡಿದರೆ ಅಲ್ಲಿನ ಹುಡುಗನಿಗೂ ಉತ್ತರ ಗೊತ್ತಿರುವುದಿಲ್ಲ.

ಎರಡನೆಯದು ಸಾಗಣೆ. ಬೆಂಗಳೂರಿನಲ್ಲಿ ಕೊಟ್ಟ ಪಾಸ್‌ಪೋರ್ಟಿನ ತೀರ್ಮಾನ ಬೆಂಗಳೂರಿನಲ್ಲೇ ಆಗಬೇಕೆಂದಿಲ್ಲ. ದೇಶಕ್ಕೆ ತಕ್ಕಂತೆ ಅದು ಚೆನ್ನೈ, ಮುಂಬೈ ಅಥವಾ ದೆಹಲಿಗೆ ಹೋಗುತ್ತದೆ. ಕರ್ನಾಟಕದವರು ಅಮೆರಿಕದ ವೀಸಾಕ್ಕೆ ಚೆನ್ನೈ ದಾರಿ ಹಿಡಿಯುವುದು ಹಳೆಯ ರೂಢಿ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರೊಂದಿಗೇ ಆರಂಭವಾಗಲಿಲ್ಲ.

ಮೂರನೆಯದು ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿ. ವಾರಗಟ್ಟಲೆ ತಡವಾಗುವುದು ಸಾಮಾನ್ಯವಾಗಿ ಇಲ್ಲಿ. ನಾಲ್ಕನೆಯದು ವಾಪಸ್ ಪ್ರಯಾಣ, ಅಂದರೆ ತೀರ್ಮಾನವಾದ ಮೇಲೆ ಪಾಸ್‌ಪೋರ್ಟ್ ಕೇಂದ್ರಕ್ಕೆ ಬಂದು ಅಲ್ಲಿಂದ ನಿಮ್ಮ ಕೈಗೋ ಕೊರಿಯರ್‌ನವರ ಕೈಗೋ ಸೇರುವುದು.

ಎರಡು ಮತ್ತು ನಾಲ್ಕನೆಯ ಹಂತದ ತಡವನ್ನು ಕೇಂದ್ರದವರೇ ಸರಿಪಡಿಸಬೇಕು. ಮೂರನೆಯದಕ್ಕೆ ಕಾನ್ಸುಲೇಟನ್ನೇ ಕೇಳಬೇಕು. ಇಷ್ಟು ತಿಳಿದಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ.

ಯಾವ ದೇಶಕ್ಕೆ ಎಷ್ಟು ದಿನ?

*ಷೆಂಗೆನ್ ದೇಶಗಳು:* ಫ್ರಾನ್ಸ್, ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ಅಲ್ಪಾವಧಿ ವೀಸಾಕ್ಕೆ ಒಂದೇ ಕಾನೂನು ಇದೆ. ಅರ್ಜಿ ಸ್ವೀಕೃತವಾದ ಮೇಲೆ 15 ದಿನಗಳೊಳಗೆ ತೀರ್ಮಾನವಾಗಬೇಕು. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೆ ವಿಸ್ತರಿಸಬಹುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು.

ಈ ಕಡೆಯ ಗಡುವನ್ನು ನಂಬಿ ಕೂರಬೇಡಿ. ಲೆಕ್ಕ ಹಾಕಿ ನೋಡಿ: ಮೇ 20ಕ್ಕೆ ಪ್ಯಾರಿಸ್ ವಿಮಾನ ಎಂದುಕೊಳ್ಳೋಣ. ಮೇ 5ಕ್ಕೆ ಅರ್ಜಿ ಕೊಟ್ಟರೂ ನಿಯಮದಂತೆ ಸರಿಯೇ. ಆದರೆ ನಿಮ್ಮದು 45 ದಿನಗಳ ಪರಿಶೀಲನೆಗೆ ಸಿಕ್ಕಿಕೊಂಡರೆ ಉತ್ತರ ಬರುವುದು ಜೂನ್ 19ಕ್ಕೆ. ಕಾನ್ಸುಲೇಟ್ ಇದರಲ್ಲಿ ಯಾವ ನಿಯಮವನ್ನೂ ಮುರಿದಿರುವುದಿಲ್ಲ, ನಿಮ್ಮ ವಿಮಾನ ಮಾತ್ರ ಹೋಗಿರುತ್ತದೆ. ಮೇ 20ರಿಂದ 45 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 5. ಎರಡೂ ಕಡೆಯ ಸಾಗಣೆಗೆ, ನಡುವಿನ ರಜೆಗಳಿಗೆ ಇನ್ನೆರಡು ಮೂರು ವಾರ ಬಿಟ್ಟರೆ ಮಾರ್ಚ್ ಮಧ್ಯದೊಳಗೆ ಅರ್ಜಿ ಕೊಟ್ಟಿರಬೇಕು. ಅಪಾಯಿಂಟ್‌ಮೆಂಟ್ ಸಿಗಲು ಕಾಯುವ ದಿನಗಳನ್ನೂ ಸೇರಿಸಿದರೆ ಕೆಲಸ ಜನವರಿ, ಫೆಬ್ರವರಿಯಲ್ಲೇ ಶುರುವಾಗಬೇಕು.

*ಬ್ರಿಟನ್:* ಪ್ರವಾಸಿ ವೀಸಾಕ್ಕೆ ಸಾಮಾನ್ಯವಾಗಿ ಮೂರು ವಾರ. ಹೆಚ್ಚುವರಿ ಹಣ ಕೊಟ್ಟರೆ ಆದ್ಯತೆಯ ಸೇವೆಯಲ್ಲಿ ಐದು ಕೆಲಸದ ದಿನಗಳಲ್ಲಿ ತೀರ್ಮಾನದ ಗುರಿ ಇಟ್ಟುಕೊಳ್ಳುತ್ತಾರೆ. ಹಣ ಕೊಟ್ಟದ್ದು ಬೇಗ ನೋಡುವುದಕ್ಕೆ ಮಾತ್ರ, ವೀಸಾ ಖಾತ್ರಿಗಲ್ಲ. ಅರ್ಜಿ ಪರಿಶೀಲನೆಯಲ್ಲಿರುವಾಗ ಪಾಸ್‌ಪೋರ್ಟನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಲು ಅವಕಾಶ ಕೊಡುವ ‘ಕೀಪ್ ಮೈ ಪಾಸ್‌ಪೋರ್ಟ್’ ಎಂಬ ಶುಲ್ಕದ ಸೇವೆಯೂ ಉಂಟು. ನಡುವೆ ಬೇರೆ ದೇಶಕ್ಕೆ ಹೋಗಬೇಕಾದವರು ಅರ್ಜಿ ಕೊಡುವಾಗಲೇ ಇದನ್ನು ವಿಚಾರಿಸಬೇಕು.

*ಅಮೆರಿಕ:* ಇಲ್ಲಿ ಕಟ್ಟುನಿಟ್ಟಾದ ದಿನದ ಲೆಕ್ಕವಿಲ್ಲ. ಸಂದರ್ಶನದಲ್ಲಿ ಒಪ್ಪಿಗೆಯಾದರೆ ಪಾಸ್‌ಪೋರ್ಟ್ ಬೇಗ ಬರುವುದೇ ಹೆಚ್ಚು. ತೊಡಕು ಬರುವುದು 221(ಜಿ) ಚೀಟಿ ಸಿಕ್ಕಾಗ. ಇದರ ಬಗ್ಗೆ ಮುಂದೆ ನೋಡೋಣ.

*ಕೆನಡಾ:* ಅರ್ಜಿ ಆನ್‌ಲೈನ್. ಬೆರಳಚ್ಚು ಕೊಟ್ಟು ಬರುತ್ತೀರಿ, ಪಾಸ್‌ಪೋರ್ಟ್ ಮನೆಯಲ್ಲೇ ಇರುತ್ತದೆ. ತೀರ್ಮಾನದ ಕಡೆಯ ಘಟ್ಟದಲ್ಲಿ ‘ಪಾಸ್‌ಪೋರ್ಟ್ ಸಲ್ಲಿಸಿ’ ಎಂಬ ಪತ್ರ ಬಂದಾಗ ಕೊಟ್ಟರೆ ಸಾಕು.

ಆಸ್ಟ್ರೇಲಿಯಾದ ವೀಸಾ ಪೂರ್ತಿ ಡಿಜಿಟಲ್, ಪುಟಕ್ಕೆ ಅಂಟಿಸುವ ಸ್ಟಿಕರ್ ಇಲ್ಲ. ಐರೋಪ್ಯ ಒಕ್ಕೂಟವೂ ಷೆಂಗೆನ್ ಸ್ಟಿಕರ್ ತೆಗೆದು ಡಿಜಿಟಲ್ ವೀಸಾ ತರುವ ಕಾನೂನನ್ನು 2023ರಲ್ಲಿ ಅಂಗೀಕರಿಸಿದೆ. ಅದು ಜಾರಿಗೆ ಬರುವವರೆಗೆ ಪಾಸ್‌ಪೋರ್ಟ್ ಕೊಟ್ಟು ಕಾಯುವುದು ತಪ್ಪದು.

221(ಜಿ) ಅಂದರೆ ಏನು?

ಅಮೆರಿಕದ ವಲಸೆ ಕಾಯ್ದೆಯ ಈ ಕಲಮಿನ ಚೀಟಿ ಕೈಗೆ ಬಂದರೆ ಅನೇಕರು ಎದೆಗುಂದುತ್ತಾರೆ. ಸ್ಥಿತಿ ನೋಡುವ ಜಾಲತಾಣದಲ್ಲಿ ‘ರಿಫ್ಯೂಸ್ಡ್’ ಎಂದು ಕಂಡರಂತೂ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಕಾನೂನಿನ ಭಾಷೆಯಲ್ಲಿ ಅದು ನಿರಾಕರಣೆಯೇ ಹೌದು. ಆದರೆ ಕಡತ ಮುಚ್ಚಿರುವುದಿಲ್ಲ, ಸದ್ಯಕ್ಕೆ ವೀಸಾ ಕೊಡಲು ಏನೋ ಒಂದು ಬಾಕಿ ಇದೆ ಎಂದಷ್ಟೇ.

ಬಾಕಿ ಎರಡು ಬಗೆಯದು. ಒಂದು, ನಿಮ್ಮಿಂದ ಬರಬೇಕಾದ ಕಾಗದ: ಕಂಪನಿಯ ಪತ್ರ, ತೆರಿಗೆ ವಿವರ, ಸಂಶೋಧನೆಯ ಸಾರಾಂಶ ಇತ್ಯಾದಿ. ಇದನ್ನು ಒಂದು ವರ್ಷದೊಳಗೆ ಕೊಡಬೇಕು, ತಪ್ಪಿದರೆ ಹೊಸ ಅರ್ಜಿ, ಹೊಸ ಶುಲ್ಕ. ಇನ್ನೊಂದು, ಅವರ ಕಡೆಯ ಆಡಳಿತಾತ್ಮಕ ಪರಿಶೀಲನೆ. ಹೆಸರು ಇನ್ನಾರದೋ ಹೆಸರಿಗೆ ಹೊಂದಿದರೆ, ಓದು ಅಥವಾ ಕೆಲಸ ಸೂಕ್ಷ್ಮ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದರೆ ಹೀಗಾಗುತ್ತದೆ. ಇದಕ್ಕೆ ನೀವು ಮಾಡಬಹುದಾದ್ದು ಕಡಿಮೆ, ಕಾಲಮಿತಿಯೂ ಇಲ್ಲ. ಉದ್ಯೋಗ ವೀಸಾ ಎಚ್-1ಬಿ ಮತ್ತು ಅಂಥ ಉದ್ಯೋಗಿಗಳ ಕುಟುಂಬದವರಿಗಿರುವ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ 2025ರ ಡಿಸೆಂಬರ್ 15ರಿಂದ ಸೇರಿಕೊಂಡಿದೆ. ಸ್ಟ್ಯಾಂಪಿಂಗ್‌ಗೆಂದು ಊರಿಗೆ ಬರುವ ಕನ್ನಡಿಗ ಉದ್ಯೋಗಿಗಳು ವಾಪಸ್ ಟಿಕೆಟನ್ನು ಬದಲಾಯಿಸಬಹುದಾದ ದರದಲ್ಲೇ ಕೊಳ್ಳುವುದು ಕ್ಷೇಮ. ತಡವಾದರೆ ಇಲ್ಲಿಂದಲೇ ಕೆಲಸ ಮಾಡಬಹುದೇ ಎಂದು ಹೊರಡುವ ಮೊದಲೇ ಕಂಪನಿಯ ಎಚ್‌ಆರ್ ವಿಭಾಗದಿಂದ ಬರಹದಲ್ಲಿ ಉತ್ತರ ಪಡೆದಿರಬೇಕು.

ಚೀಟಿ ಕೊಡುವಾಗ ಪಾಸ್‌ಪೋರ್ಟನ್ನು ಕೆಲವೊಮ್ಮೆ ಅಲ್ಲೇ ಇಟ್ಟುಕೊಳ್ಳುತ್ತಾರೆ, ಕೆಲವೊಮ್ಮೆ ಹಿಂದಿರುಗಿಸುತ್ತಾರೆ. ಯಾವುದೆಂದು ಕಿಟಕಿ ಬಿಡುವ ಮೊದಲು ಕೇಳಿಕೊಳ್ಳಿ.

ತಡವಾಗುವ ಕಾರಣಗಳು

ಏಪ್ರಿಲಿನಿಂದ ಜೂನ್‌ವರೆಗೆ ಪ್ರವಾಸಿಗರ, ಜೂನಿನಿಂದ ಆಗಸ್ಟ್‌ವರೆಗೆ ವಿದ್ಯಾರ್ಥಿಗಳ ಅರ್ಜಿಗಳು ರಾಶಿ ಬೀಳುತ್ತವೆ. ಕಾನ್ಸುಲೇಟುಗಳು ತಮ್ಮ ದೇಶದ ರಜೆಗಳ ಜೊತೆ ನಮ್ಮ ಪ್ರಮುಖ ರಜೆಗಳನ್ನೂ ಪಾಲಿಸುವುದರಿಂದ ದಸರಾ, ದೀಪಾವಳಿ, ಕ್ರಿಸ್‌ಮಸ್ ಆಸುಪಾಸಿನಲ್ಲಿ ಕೆಲಸದ ದಿನಗಳು ಕರಗುತ್ತವೆ.

ಅರ್ಜಿಯಲ್ಲೇ ಇರುವ ಕಾರಣಗಳೂ ಉಂಟು. ಖಾತೆಗೆ ಇದ್ದಕ್ಕಿದ್ದಂತೆ ಬಿದ್ದ ದೊಡ್ಡ ಮೊತ್ತ, ಹೋಟೆಲ್ ಬುಕಿಂಗಿನ ದಿನಾಂಕಕ್ಕೂ ವಿಮಾನದ ದಿನಾಂಕಕ್ಕೂ ತಾಳೆಯಾಗದಿರುವುದು, ಒಂದು ದಾಖಲೆಯಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗಿ ಇನ್ನೊಂದರಲ್ಲಿ ಪೂರ್ತಿಯಾಗಿ ಇರುವುದು. ಸರ್‌ನೇಮ್ ಬಳಸದ ನಮ್ಮ ಕಡೆಯವರಿಗೆ ಈ ಕೊನೆಯದು ಸಾಮಾನ್ಯ ತೊಡಕು. ಎಲ್ಲ ಕಾಗದಗಳಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರುವಂತೆ ನೋಡಿಕೊಳ್ಳಿ, ಆಗದಿದ್ದರೆ ಒಂದು ಸಾಲಿನ ವಿವರಣೆ ಸೇರಿಸಿ.

ಯಾರೂ ಗಮನಿಸದ ಕಾರಣ ಇನ್ನೊಂದು. ಟ್ರಾವೆಲ್ ಏಜೆಂಟ್ ಮೂಲಕ ಅರ್ಜಿ ಹಾಕಿದರೆ ಫಾರಂನಲ್ಲಿ ಏಜೆಂಟನ ಇಮೇಲ್, ಏಜೆಂಟನ ಮೊಬೈಲ್ ನಂಬರ್ ಬಿದ್ದಿರುತ್ತದೆ. ‘ಇನ್ನೊಂದು ದಾಖಲೆ ಕಳಿಸಿ’ ಎಂದು ಕಾನ್ಸುಲೇಟ್ ಬರೆದ ಪತ್ರ ಏಜೆಂಟನ ಇನ್‌ಬಾಕ್ಸಿನಲ್ಲಿ ಕೊಳೆಯುತ್ತಿರುತ್ತದೆ, ನೀವು ಇತ್ತ ಕಾನ್ಸುಲೇಟನ್ನು ಬೈಯುತ್ತಿರುತ್ತೀರಿ. ಯಾರ ಕೈಯಲ್ಲಿ ಅರ್ಜಿ ತುಂಬಿಸಿದರೂ ಸಂಪರ್ಕ ವಿವರ ಮಾತ್ರ ನಿಮ್ಮದೇ ಇರಲಿ.

ಕೊಡುವ ಮೊದಲೇ ಮಾಡಬೇಕಾದದ್ದು

• ಸಾಮಾನ್ಯ ನಾಗರಿಕರಿಗೆ ಭಾರತ ಎರಡನೇ ಪಾಸ್‌ಪೋರ್ಟ್ ಕೊಡುವುದಿಲ್ಲ. ಪಾಸ್‌ಪೋರ್ಟ್ ಕಾನ್ಸುಲೇಟಿನಲ್ಲಿರುವಷ್ಟು ದಿನ ನೀವು ವಿದೇಶಕ್ಕೆ ಹೋಗಲಾರಿರಿ. ಆ ನಡುವೆ ಸಿಂಗಪುರದ ಮೀಟಿಂಗ್, ದುಬೈ ಮದುವೆ ಒಪ್ಪಿಕೊಳ್ಳಬೇಡಿ.

• ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ. ಮೊದಲ ಮತ್ತು ಕೊನೆಯ ಪುಟ ಮಾತ್ರ ಸಾಲದು, ಹಳೆಯ ವೀಸಾ ಹಾಗೂ ಮುದ್ರೆಗಳ ಪುಟಗಳೂ ಇರಲಿ. ಪಾಸ್‌ಪೋರ್ಟ್ ಕಳೆದರೆ ಇವೇ ಆಧಾರ.

• ಷೆಂಗೆನ್ ನಿಯಮದಂತೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ವಿತರಣೆಯಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಇನ್ನೂ ಮೂರು ತಿಂಗಳ ಅವಧಿ ಇರಬೇಕು, ಎರಡು ಖಾಲಿ ಪುಟ ಬೇಕು. ಅಂಚಿನಲ್ಲಿದ್ದರೆ ಮೊದಲು ಪಾಸ್‌ಪೋರ್ಟ್ ನವೀಕರಿಸಿ.

• ಹಣ ವಾಪಸ್ ಬರದ ಟಿಕೆಟನ್ನು ವೀಸಾಕ್ಕೆ ಮೊದಲು ಕೊಳ್ಳಬೇಡಿ. ಅಮೆರಿಕ ಸರ್ಕಾರವೇ ವೀಸಾ ಕೈಸೇರುವವರೆಗೆ ಪ್ರಯಾಣ ನಿಗದಿ ಮಾಡಬೇಡಿ ಎನ್ನುತ್ತದೆ. ವೀಸಾ ತಡವಾದ ನಷ್ಟಕ್ಕೆ ಪ್ರಯಾಣ ವಿಮೆ ಹಣ ಕೊಡುತ್ತದೆ ಎಂದು ಊಹಿಸಿಕೊಳ್ಳದೆ ಪಾಲಿಸಿಯ ಷರತ್ತು ಓದಿ.

• ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಪ್ರತಿ ವಿಚಾರಣೆಗೂ ಅದರಲ್ಲಿರುವ ಉಲ್ಲೇಖ ಸಂಖ್ಯೆಯೇ ಬೇಕು.

• ಒಂದು ಗಡುವು ನೀವೇ ಹಾಕಿಕೊಳ್ಳಿ. ‘ಇಂಥ ದಿನದೊಳಗೆ ಬಾರದಿದ್ದರೆ ಟಿಕೆಟ್ ಮುಂದೂಡುತ್ತೇವೆ’ ಎಂದು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿದರೆ ಕಡೆಯ ವಾರದ ಗಾಬರಿ ಇರುವುದಿಲ್ಲ.

ತಡವಾದರೆ ಏನು ಮಾಡಬೇಕು?

ಮೊದಲು ಟ್ರ್ಯಾಕಿಂಗ್ ಪುಟದ ಸಾಲನ್ನು ಸರಿಯಾಗಿ ಓದಿ. ‘ಕಾನ್ಸುಲೇಟಿಗೆ ಕಳಿಸಲಾಗಿದೆ’ ಎಂದಿದ್ದರೆ ಮೂರನೆಯ ಹಂತ. ‘ತೀರ್ಮಾನವಾದ ಅರ್ಜಿ ಕೇಂದ್ರಕ್ಕೆ ಬಂದಿದೆ’ ಎಂದಿದ್ದರೆ ನಾಲ್ಕನೆಯದು. ನಾಲ್ಕನೆಯ ಹಂತದಲ್ಲಿ ಎರಡು ಮೂರು ಕೆಲಸದ ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಕೇಂದ್ರದ ಸಹಾಯವಾಣಿಗೆ ಕರೆ ಮಾಡಿ. ಅಲ್ಲಿ ಕೇಳಬೇಕಾದದ್ದು ಕೊರಿಯರ್ ಬಿಲ್ ಸಂಖ್ಯೆ ಮತ್ತು ಕಳಿಸಿದ ದಿನಾಂಕ. ಮನೆ ಬಾಗಿಲು ಹಾಕಿದ್ದು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ವಾಪಸ್ ಕಳಿಸಿದ್ದು, ಪಿನ್‌ಕೋಡ್ ತಪ್ಪಿದ್ದು ಇವುಗಳಿಂದಲೇ ಎಷ್ಟೋ ಲಕೋಟೆಗಳು ಬಂದ ದಾರಿಯಲ್ಲೇ ಹಿಂದಿರುಗಿರುತ್ತವೆ.

ಮೂರನೆಯ ಹಂತವಾದರೆ ಆ ದೇಶ ಹೇಳಿರುವ ಸಾಮಾನ್ಯ ಅವಧಿ ಮುಗಿಯುವವರೆಗೆ ಕಾಯಲೇಬೇಕು. ಅದಕ್ಕೆ ಮೊದಲು ಕಳಿಸಿದ ಪತ್ರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಸಿದ್ಧ ಉತ್ತರವೇ ಗತಿ. ಅವಧಿ ಮುಗಿದ ಮೇಲೆ ಕಾನ್ಸುಲೇಟಿನ ವೀಸಾ ವಿಭಾಗಕ್ಕೆ ಒಂದು ಇಮೇಲ್ ಬರೆಯಿರಿ. ವಿಷಯದ ಸಾಲಿನಲ್ಲೇ ಉಲ್ಲೇಖ ಸಂಖ್ಯೆ, ಹೆಸರು, ಪ್ರಯಾಣದ ದಿನಾಂಕ ಇರಲಿ. ಒಳಗೆ ಐದಾರು ಸಾಲು ಸಾಕು: ಅರ್ಜಿ ಕೊಟ್ಟ ದಿನ ಮತ್ತು ಕೇಂದ್ರ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಟ್ರ್ಯಾಕಿಂಗ್‌ನಲ್ಲಿ ಈಗ ಕಾಣುವ ಸ್ಥಿತಿ, ಕೊನೆಯಲ್ಲಿ ಸ್ಪಷ್ಟ ಪ್ರಶ್ನೆ – ‘ನನ್ನಿಂದ ಇನ್ನಾವುದಾದರೂ ದಾಖಲೆ ಬೇಕೇ?’ ಈ ಒಂದು ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ‘ಯಾಕೆ ತಡ’ ಎಂಬುದಕ್ಕಿಂತ ಹೆಚ್ಚು. ದಿನಕ್ಕೆ ಮೂರು ಪತ್ರ ಕಳಿಸುವುದರಿಂದ ಕೆಲಸ ಬೇಗ ಆಗುವುದಿಲ್ಲ. ವಾರಕ್ಕೊಂದು, ಅದೂ ಹಿಂದಿನ ಪತ್ರಕ್ಕೇ ಉತ್ತರವಾಗಿ ಕಳಿಸಿದರೆ ಸಾಕು.

ಸಾವು, ಶಸ್ತ್ರಚಿಕಿತ್ಸೆಯಂಥ ತುರ್ತು ಇದ್ದರೆ ಆಸ್ಪತ್ರೆಯ ಪತ್ರ ಲಗತ್ತಿಸಿ ಹಾಗೆಂದೇ ಬರೆಯಿರಿ. ಮದುವೆ, ಗೃಹಪ್ರವೇಶಗಳನ್ನು ತುರ್ತು ಎಂದು ಯಾವ ಕಚೇರಿಯೂ ಎಣಿಸುವುದಿಲ್ಲ. ಸಂಸದರ ಶಿಫಾರಸು ಪತ್ರ ತಂದರೂ ವಿದೇಶದ ವೀಸಾ ಅಧಿಕಾರಿಯನ್ನು ಅದು ಕಟ್ಟಿಹಾಕದು. ವೀಸಾ ಆಯಾ ದೇಶದ ಸಾರ್ವಭೌಮ ತೀರ್ಮಾನ, ನಮ್ಮ ವಿದೇಶಾಂಗ ಸಚಿವಾಲಯವೂ ಅದರಲ್ಲಿ ಕೈ ಹಾಕುವುದಿಲ್ಲ.

ವಾಪಸ್ ಕೇಳಬಹುದೇ?

ಕೇಳಬಹುದು. ಸಾಮಾನ್ಯವಾಗಿ ಅದಕ್ಕೆ ಅರ್ಜಿಯನ್ನೇ ಹಿಂದಕ್ಕೆ ಪಡೆಯಬೇಕಾಗುತ್ತದೆ, ಶುಲ್ಕ ಮರಳುವುದಿಲ್ಲ. ಷೆಂಗೆನ್ ವೀಸಾಕ್ಕೆ ವಯಸ್ಕರಿಗೆ 90 ಯೂರೊ ಶುಲ್ಕ, ಮೇಲೆ ಕೇಂದ್ರದ ಸೇವಾಶುಲ್ಕ. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಅಮೆರಿಕದ 221(ಜಿ) ಪ್ರಕರಣಗಳಲ್ಲಿ ಮಾತ್ರ ಅರ್ಜಿ ಜೀವಂತವಿರುವಾಗಲೇ ಪಾಸ್‌ಪೋರ್ಟ್ ಪಡೆದು, ಒಪ್ಪಿಗೆ ಬಂದ ಮೇಲೆ ಮತ್ತೆ ಕೊಡುವ ದಾರಿಯುಂಟು.

ಹಿಂದಕ್ಕೆ ಪಡೆದರೂ ಪಾಸ್‌ಪೋರ್ಟ್ ಮರುದಿನವೇ ಬರುವುದಿಲ್ಲ, ಅದೂ ಅದೇ ದಾರಿಯಲ್ಲಿ ಸಾಗಿ ಬರಬೇಕು. ಪ್ರಯಾಣಕ್ಕೆ ಎರಡು ದಿನ ಉಳಿದಾಗ ಕೇಳಿ ಪ್ರಯೋಜನವಿಲ್ಲ. ಇನ್ನೊಂದು ದೇಶದ ಪ್ರಯಾಣ ತಪ್ಪಿಸಲಾಗದ್ದು, ಅಥವಾ ಈ ಪ್ರವಾಸದ ಉದ್ದೇಶವೇ ಮುಗಿದುಹೋಗಿದೆ ಎಂದಾಗ ಮಾತ್ರ ಈ ನಿರ್ಧಾರಕ್ಕೆ ಅರ್ಥವುಂಟು. ಮುಂದಿನ ಅರ್ಜಿಗಳಲ್ಲಿ ಹಿಂದಿನ ವೀಸಾ ಇತಿಹಾಸ ಕೇಳಿದರೆ ಇದನ್ನು ಮುಚ್ಚಿಡಬೇಡಿ.

ಏಜೆಂಟ್ ಕೊಡುತ್ತಿಲ್ಲವೇ?

ಪಾಸ್‌ಪೋರ್ಟ್ ಕಾಯ್ದೆ, 1967ರ 17ನೇ ಕಲಮಿನಂತೆ ಪಾಸ್‌ಪೋರ್ಟ್ ಸದಾ ಕೇಂದ್ರ ಸರ್ಕಾರದ ಆಸ್ತಿ. ಬಾಕಿ ಹಣಕ್ಕೆ ಅಡವಾಗಿ ಅದನ್ನು ಇಟ್ಟುಕೊಳ್ಳಲು ಟ್ರಾವೆಲ್ ಏಜೆಂಟನಿಗಾಗಲಿ ಕೆಲಸ ಕೊಡಿಸುವ ದಲ್ಲಾಳಿಗಾಗಲಿ ಹಕ್ಕಿಲ್ಲ. ಕರಾವಳಿಯಿಂದ, ಕಲ್ಯಾಣ ಕರ್ನಾಟಕದಿಂದ ಕೊಲ್ಲಿ ದೇಶಗಳಿಗೆ ಹೊರಡುವ ಯುವಕರು ಇದನ್ನು ನೆನಪಿಡಬೇಕು. ಪಾಸ್‌ಪೋರ್ಟ್ ಕೊಡುವಾಗ ಸಹಿಯಿರುವ ಸ್ವೀಕೃತಿ ಪತ್ರ ಪಡೆಯಿರಿ. ಸತಾಯಿಸಿದರೆ ಬರಹದಲ್ಲಿ ಕೇಳಿ, ಆಮೇಲೆ ಪೊಲೀಸ್ ದೂರು ಕೊಡಿ. ಹಣ ಪಡೆದು ಸೇವೆ ಕೊಡದ ಏಜೆಂಟ್ ಅಥವಾ ಕೊರಿಯರ್ ಸಂಸ್ಥೆಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು.

ಕಳೆದೇ ಹೋದರೆ?

ಸಾಗಣೆಯಲ್ಲಿ ಕಳೆದಿದೆ ಎಂದು ಕೇಂದ್ರದವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಪಡೆಯಿರಿ. ಆ ಪತ್ರದೊಂದಿಗೆ ಪೊಲೀಸ್ ದೂರು ದಾಖಲಿಸಿ, ನಂತರ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ. ಕಳೆದ ಪಾಸ್‌ಪೋರ್ಟಿಗೆ ಬದಲಾಗಿ 36 ಪುಟಗಳದ್ದಕ್ಕೆ ಶುಲ್ಕ 3,000 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000.

ಬೇಗ ಹೊಸದು ಸಿಗಲಿ ಎಂದು ಕಾನ್ಸುಲೇಟಿನಲ್ಲಿರುವ ಪಾಸ್‌ಪೋರ್ಟನ್ನೇ ‘ಕಳೆದಿದೆ’ ಎಂದು ಘೋಷಿಸುವ ಜಾಣರಿದ್ದಾರೆ. ಅದು ಸುಳ್ಳು ಮಾಹಿತಿಯ ಅಪರಾಧ. ಜೊತೆಗೆ, ಕಳೆದಿದೆ ಎಂದ ಕ್ಷಣ ಹಳೆಯ ಪುಸ್ತಕ ರದ್ದಾಗುತ್ತದೆ. ನಾಳೆ ಅದು ವೀಸಾ ಸಮೇತ ಮನೆಗೆ ಬಂದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ.

ಕೈಗೆ ಬಂದ ದಿನ

ಪಾಸ್‌ಪೋರ್ಟ್ ಪಡೆಯುವ ನಿಯಮವನ್ನೂ ಮೊದಲೇ ನೋಡಿಕೊಳ್ಳಿ. ಅಮೆರಿಕದ ವೀಸಾ ಅರ್ಜಿದಾರರು 2025ರ ಆಗಸ್ಟ್ 1ರಿಂದ ಖುದ್ದಾಗಿಯೇ ಬಂದು ಪಡೆಯಬೇಕು, ಇಲ್ಲವೇ ಶುಲ್ಕ ಕಟ್ಟಿ ಮನೆಗೆ ತರಿಸಿಕೊಳ್ಳಬೇಕು. ಭಾವನನ್ನೋ ಆಫೀಸಿನ ಹುಡುಗನನ್ನೋ ಕಳಿಸಿದರೆ ಬರಿಗೈಲಿ ಬರುತ್ತಾರೆ. 18 ವರ್ಷದೊಳಗಿನ ಮಕ್ಕಳದನ್ನು ತಂದೆ ಅಥವಾ ತಾಯಿ, ಇಬ್ಬರೂ ಸಹಿ ಹಾಕಿದ ಮೂಲ ಒಪ್ಪಿಗೆ ಪತ್ರದೊಂದಿಗೆ ಪಡೆಯಬೇಕು.

ಲಕೋಟೆ ಒಡೆದ ಕೂಡಲೇ ಸ್ಟಿಕರಿನ ಐದು ವಿವರ ನೋಡಿ: ಹೆಸರಿನ ಅಕ್ಷರ, ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಶುರುವಾಗುವ ಮತ್ತು ಮುಗಿಯುವ ದಿನಾಂಕ, ಎಷ್ಟು ಸಲ ಪ್ರವೇಶ, ಎಷ್ಟು ದಿನ ವಾಸ. ಷೆಂಗೆನ್ ವೀಸಾದ ಅವಧಿಯೂ ವಾಸದ ದಿನಗಳೂ ಬೇರೆ ಬೇರೆ. ಒಂದು ತಿಂಗಳ ಅವಧಿ ಇದ್ದರೂ ಹನ್ನೆರಡು ದಿನ ಮಾತ್ರ ಉಳಿಯಲು ಅನುಮತಿ ಇರಬಹುದು. ತಪ್ಪಿದ್ದರೆ ಅಂದೇ ಕೇಂದ್ರಕ್ಕೆ ತಿಳಿಸಿ, ವಿಮಾನ ನಿಲ್ದಾಣದಲ್ಲಿ ಕಂಡುಕೊಂಡ ತಪ್ಪನ್ನು ಅಲ್ಲಿ ಯಾರೂ ತಿದ್ದಿಕೊಡಲಾರರು. ವೀಸಾ ಸಿಕ್ಕಿಲ್ಲವೆಂದಾದರೆ ಜೊತೆಗೆ ಬಂದ ನಿರಾಕರಣೆ ಪತ್ರ ಓದಿ. ಷೆಂಗೆನ್ ನಿಯಮದಲ್ಲಿ ಕಾರಣ ತಿಳಿಸುವುದು ಕಡ್ಡಾಯ, ಮೇಲ್ಮನವಿಯ ಹಕ್ಕೂ ಇದೆ. ಆ ಕಾರಣವನ್ನು ಸರಿಪಡಿಸದೆ ಅದೇ ಕಾಗದಗಳನ್ನು ಮತ್ತೆ ಕೊಟ್ಟರೆ ಇನ್ನೊಮ್ಮೆ ಶುಲ್ಕ ಕಟ್ಟಿ ಅದೇ ಉತ್ತರ ತರಿಸಿಕೊಂಡಂತೆ.